ಗೂಡಿನ ಮರಿಯ ಕಾರ್ಟೂನ್ ಮಕ್ಕಳಿಗಲ್ಲ

ಬಣ್ಣದ ಚಿತ್ರ ಕುಣಿದರೆ ಸಾಕು, ‘ಕಾರ್ಟೂನ್ ಅದ, ಹುಡುಗರು ನೋಡ್ಲಿ ಬಿಡ್ರಿ’ ಅಂತ ಫೋನ್ ಕೊಟ್ಟುಬಿಡುತ್ತೇವೆ. ಈ ಮಾತಿಗೇ ನಮ್ಮ ತಕರಾರು.

2024ರ ಲೋಕಸಭಾ ಚುನಾವಣೆ ನೆನಪಿದೆಯಲ್ಲ? ಮೇ 4ರಂದು ಬಿಜೆಪಿಯ ಕರ್ನಾಟಕ ಘಟಕ ಎಕ್ಸ್‌ನಲ್ಲಿ ಒಂದು ಕಾರ್ಟೂನ್ ವಿಡಿಯೊ ಹಾಕಿತು. ಗೂಡಿನಲ್ಲಿ ಎಸ್‌ಸಿ, ಎಸ್‌ಟಿ, ಒಬಿಸಿ ಎಂಬ ಮೂರು ಮೊಟ್ಟೆ. ರಾಹುಲ್ ಗಾಂಧಿಯವರ ಚಿತ್ರ ಬಂದು ‘ಮುಸ್ಲಿಂ’ ಎಂಬ ಇನ್ನೊಂದು ಮೊಟ್ಟೆ ಇಡುತ್ತದೆ. ಮರಿಯಾದ ಮೇಲೆ ತುತ್ತೆಲ್ಲ ಆ ಒಂದಕ್ಕೇ. ಕೊನೆಗೆ ಅದು ಬೆಳೆದು ಉಳಿದ ಮೂರನ್ನೂ ಹೊರಗೆ ತಳ್ಳುತ್ತದೆ. ಕಾಂಗ್ರೆಸ್ ದೂರು ಕೊಟ್ಟಿತು, ಬೆಂಗಳೂರಿನಲ್ಲಿ ಕೇಸಾಯಿತು. ಅದನ್ನು ತೆಗೆಯಿರಿ ಎಂದು ಚುನಾವಣಾ ಆಯೋಗ ಎಕ್ಸ್‌ಗೆ ಹೇಳಿದ್ದು ಮೇ 7ಕ್ಕೆ. ನಾವು ಗುರುಮಠಕಲ್ಲಿನವರು ಬೆರಳಿಗೆ ಶಾಯಿ ಹಚ್ಚಿಸಿಕೊಂಡ ದಿನ ಅದು!

ದೊಡ್ಡವರಿಗೆ ಅದು ಮೀಸಲಾತಿಯ ಜಗಳ. ಒಪ್ಪಬಹುದು, ಬಿಡಬಹುದು. ಮೂರನೇ ಕ್ಲಾಸಿನ ಹುಡುಗನಿಗೆ ಮೀಸಲಾತಿ ಏನು ಗೊತ್ತು? ಆ ಮರಿ ಕೆಟ್ಟದ್ದು, ಅಷ್ಟೇ ಅವನಿಗೆ ತಿಳಿಯುವುದು. ರಜೆ ಮುಗಿದು ಶಾಲೆಗೆ ಹೋದಾಗ, ಬಿಸಿಯೂಟದ ಸಾಲಿನಲ್ಲಿ ಪಕ್ಕಕ್ಕೆ ಕೂಡುವ ಗೆಳೆಯನನ್ನು ಅವನು ಯಾವ ಕಣ್ಣಿಂದ ನೋಡಬೇಕು? ಬೇರೆ ಪಕ್ಷದವರು ಇಂಥದ್ದು ಮಾಡಿದರೂ ನಮ್ಮ ಮಾತು ಇದೇ.

ತೆಗೆಸಿದರಲ್ಲ ಅಂತೀರಿ. ಎಕ್ಸ್‌ನಿಂದ ತೆಗೆದರೆ ವಾಟ್ಸ್ಯಾಪ್‌ನಿಂದ ಹೋಗುತ್ತದೆಯೇ? ಓಟಿಟಿಯವರು 7+, 13+ ಅಂತ ವಯಸ್ಸು ಹಾಕಬೇಕೆಂದು 2021ರ ಐಟಿ ನಿಯಮ ಇದೆ. ಫಾರ್ವರ್ಡ್‌ಗೆ ಅಂಥ ಚೀಟಿ ಇಲ್ಲ. ಇದ್ದರೂ ಓದುವವರು ಯಾರು? ಬೆಂಗಳೂರಿಗೆ ದುಡಿಯಲು ಹೋದವರ ಮಕ್ಕಳು ಇಲ್ಲಿ ಮುತ್ಯಾ, ಆಯಿ ಹತ್ತಿರ ಇದ್ದಾರೆ.

ರಾಜಕೀಯದ ಕಾರ್ಟೂನೇ ಬೇಡ ಅನ್ನುತ್ತಿಲ್ಲ. 2023ರ ಅಕ್ಟೋಬರ್‌ನಲ್ಲಿ ದೂರದರ್ಶನದಲ್ಲಿ ಶುರುವಾದ ‘ಭಾರತ್ ಹೈ ಹಮ್’ ಕನ್ನಡದಲ್ಲೂ ಇದೆ. ರಾಣಿ ಅಬ್ಬಕ್ಕ, ಕಿತ್ತೂರು ಚೆನ್ನಮ್ಮ ಇದ್ದಾರೆ. ಸರ್ಕಾರ ಮಾಡಿಸಿದ್ದು, ಹಾಗಾಗಿ ಅದನ್ನೂ ಕಣ್ಣು ಮುಚ್ಚಿ ನಂಬಬೇಕಿಲ್ಲ. ಜೊತೆಗೆ ಕೂತು ನೋಡಿ. 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ ನಮ್ಮ ಸುರಪುರದ ರಾಜಾ ವೆಂಕಟಪ್ಪ ನಾಯಕರ ಕಥೆಯನ್ನು ಮುತ್ಯಾ ಆಮೇಲೆ ಹೇಳಲಿ. ಮುತ್ಯಾನ ಕಥೆಯಲ್ಲಿ ನಡುವೆ ಬಾಯಿ ಹಾಕಿ ಕೇಳಬಹುದು.

ವಿಡಿಯೊ ಮುಗಿದ ಮೇಲೆ ಹುಡುಗರನ್ನು ಒಂದೇ ಮಾತು ಕೇಳಿ: ಇದರಲ್ಲಿ ಕೆಟ್ಟವರು ಯಾರು? ಕಳ್ಳ ಅಂದರೆ, ದೊರೆ ಅಂದರೆ ಚಿಂತೆಯಿಲ್ಲ. ಒಂದು ಜಾತಿಯ, ಒಂದು ಧರ್ಮದ ಹೆಸರು ಹೇಳಿದರೆ ಅಲ್ಲೇ ಅಳಿಸಿಬಿಡಿ. ಕಳಿಸಿದವರಿಗೆ ಫೋನ್ ಹಚ್ಚಿ ಬೈಯಿರಿ, ಅವರು ನಿಮ್ಮ ಮನೆ ಅಳಿಯನೇ ಆಗಿರಲಿ.