ಮನೆಯ ನಾಯಿಯೂ ಮನೆಯ ಧರ್ಮವೂ



ಓದುಗ ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದಾರೆ. ಅವರ ಮಗ ಎಲ್ಲಿಂದಲೋ ಒಂದು ನಾಯಿಮರಿಯನ್ನು ತಂದಿದ್ದಾನೆ. ಅದನ್ನು ಬಿಟ್ಟು ಉಣ್ಣಲೊಲ್ಲ, ಓದಲೊಲ್ಲ. ಮನೆಯ ಹಿರಿಯರಾದ ಅತ್ತೆಯವರು ಮಾತ್ರ, 'ಲಿಂಗಪೂಜೆ ನಡೆಯುವ ಮನೆಯಲ್ಲಿ ನಾಯಿ ಸಲ್ಲದು, ಮೈಲಿಗೆಯಾಗುತ್ತದೆ, ಊರಾಚೆ ಬಿಟ್ಟು ಬನ್ನಿ' ಎಂದು ಪಟ್ಟು ಹಿಡಿದಿದ್ದಾರೆ. 'ಅತ್ತೆಯವರ ಮಾತನ್ನು ಮೀರಲಾರೆ, ಮಗನ ಕಣ್ಣೀರನ್ನು ನೋಡಲಾರೆ, ತಾವು ದಾರಿ ತೋರಬೇಕು' ಎಂಬುದು ಆ ತಾಯಿಯ ಬಿನ್ನಹ. ಪ್ರಶ್ನೆ ಒಂದು ಮನೆಯದಾದರೂ ಉತ್ತರ ಅನೇಕ ಮನೆಗಳಿಗೆ ಬೇಕಾದದ್ದು. ಆದುದರಿಂದ ಈ ತಿಂಗಳ ಅಂಕಣವನ್ನು ಇದಕ್ಕೇ ಮೀಸಲಿಡುತ್ತೇವೆ.

ಮೊದಲು ಮೈಲಿಗೆಯ ಮಾತು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ನಮ್ಮ ಶರಣರು ತಳ್ಳಿಹಾಕಿದರು. ಅಂಗದ ಮೇಲೆ ಲಿಂಗವಿರುವವನಿಗೆ ಸೂತಕವೆಲ್ಲಿಯದು ಎಂಬುದು ಅವರ ನಿಲುವು. ಮನುಷ್ಯನಿಂದ ಮನುಷ್ಯನಿಗೆ ಮೈಲಿಗೆಯಿಲ್ಲವೆಂದು ಸಾರಿದ ಧರ್ಮದಲ್ಲಿ ಮೂಕಪ್ರಾಣಿಯ ಮೇಲೆ ಮೈಲಿಗೆಯನ್ನು ಹೊರಿಸುವುದು ಸರಿಹೊಂದುವ ಮಾತಲ್ಲ. ಶುಚಿತ್ವದ ವಿಚಾರ ಬೇರೆ. ಅದು ಅವಶ್ಯವಾಗಿ ಬೇಕು. ಆದರೆ ಶುಚಿತ್ವ ಕಾಪಾಡುವುದು ಸಾಕಿದವರ ಕೆಲಸ. ಅದರಲ್ಲಿ ಲೋಪವಾದರೆ ನಾಯಿಯನ್ನು ದೂಷಿಸಿ ಫಲವಿಲ್ಲ.

ಈ ಉತ್ತರವನ್ನು ನಾವು ಗ್ರಂಥಗಳನ್ನು ನೋಡಿ ಮಾತ್ರ ಬರೆಯುತ್ತಿಲ್ಲ. ಮೋತಿ ಎಂಬ ನಾಯಿಯೊಂದು 11 ವರ್ಷಗಳಿಂದ ನಮ್ಮ ಮನೆಯಲ್ಲಿದೆ. ಯಾರೋ ಗೋಣಿಚೀಲದಲ್ಲಿ ಕಟ್ಟಿ ಮಠದ ಬಾಗಿಲಲ್ಲಿ ಬಿಟ್ಟುಹೋಗಿದ್ದ ಮೂರು ಮರಿಗಳಲ್ಲಿ ಬದುಕಿದ್ದು ಇದೊಂದೇ. ಜಾತಿನಾಯಿಯಲ್ಲ, ಊರನಾಯಿ. ಮೈಯೆಲ್ಲ ಬಿಳಿ, ಬಲಗಿವಿಯೊಂದು ಕಪ್ಪು.

ಬೆಳಿಗ್ಗೆ ನಾವು ಸ್ನಾನ ಮುಗಿಸಿ, ವಿಭೂತಿ ಧರಿಸಿ ಪೂಜೆಗೆ ಕುಳಿತೊಡನೆ ಮೋತಿ ಪೂಜಾಕೋಣೆಯ ಹೊಸ್ತಿಲಿನಾಚೆ ಮುಂಗಾಲುಗಳ ಮೇಲೆ ಗದ್ದವನ್ನಿಟ್ಟು ಮಲಗುತ್ತದೆ. ಹೊಸ್ತಿಲು ದಾಟಬಾರದೆಂದು ಮೊದಲ ಒಂದು ವಾರ ನಮ್ಮ ಮನೆಯವರು ಬೆರಳು ತೋರಿಸಿ ಹೇಳಿದ್ದಷ್ಟೆ. ಅಂದಿನಿಂದ ದೇಹವೆಲ್ಲ ಆಚೆ, ಮೂಗಿನ ತುದಿ ಮಾತ್ರ ಈಚೆ. ನಿಯಮವನ್ನು ಮುರಿಯದೆ ನಿಯಮದ ಅಂಚಿನಲ್ಲಿ ನಿಲ್ಲುವ ಈ ಜಾಣ್ಮೆಯನ್ನು ನಾವು ಮಠದ ಪಾಠಶಾಲೆಯಲ್ಲಿ ನಮ್ಮ ಸಹಪಾಠಿಗಳಲ್ಲಿ ಕಂಡಿದ್ದೆವು. ಪೂಜೆ ಮುಗಿದು ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಳ್ಳುವ ಹೊತ್ತಿಗೆ ಅದರ ಬಾಲ ನೆಲಕ್ಕೆ ಬಡಿಯತೊಡಗುತ್ತದೆ. ನಾಯಿ ಇನ್ನೂ ಮಲಗಿಯೇ ಇರುತ್ತದೆ, ಬಾಲ ಮಾತ್ರ ಎದ್ದಿರುತ್ತದೆ.

ಆಮೇಲೆ ಅಡಿಗೆಮನೆಯ ಬಾಗಿಲು. ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಹಿತ್ತಲಲ್ಲಿ ಎಲ್ಲಿದ್ದರೂ ಹಾಜರು. ಪರಾತದಲ್ಲಿ ಉಳಿದ ಹಿಟ್ಟನ್ನು ಕೂಡಿಸಿ ಮಾಡುವ ಕೊನೆಯ ಸಣ್ಣ ರೊಟ್ಟಿ ಮೋತಿಯದು. ಮುಂಚಿನ ರೊಟ್ಟಿಗಳು ಹಂಚಿನಿಂದ ಇಳಿಯುವಾಗ ಕಣ್ಣು ಮುಚ್ಚಿ, ಸಂಬಂಧವೇ ಇಲ್ಲದಂತೆ ಬಿದ್ದುಕೊಂಡಿರುತ್ತದೆ. ಪರಾತ ಕೆರೆಯುವ ಸದ್ದಾದೊಡನೆ ಎದ್ದು ನಿಲ್ಲುತ್ತದೆ. ತನ್ನ ಪಾಲು ಯಾವುದೆಂದು ತಿಳಿದು, ಪರರ ಪಾಲಿಗೆ ಕೈಯಿಡದಿರುವುದನ್ನು ನಾವು ಎಷ್ಟೋ ಪ್ರವಚನಗಳಲ್ಲಿ ಹೇಳಿದ್ದೇವೆ. ಇಲ್ಲಿ ಪ್ರತಿದಿನ ನೋಡುತ್ತೇವೆ.

ಇಷ್ಟು ಕೇಳಿ ಮೋತಿಯನ್ನು ಮಹಾಸಾಧುವೆಂದು ಯಾರೂ ಭಾವಿಸಬೇಕಾಗಿಲ್ಲ. ಶ್ರಾವಣದ ಸಂಜೆಗಳಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಅನುಭವಗೋಷ್ಠಿ ನಡೆಯುತ್ತದೆ. ಒಳಗೆ ಗೋಷ್ಠಿ ರಂಗೇರಿದಂತೆ ಹೊರಗೆ ಮೋತಿಯ ಕಾಯಕ ಆರಂಭ. ಪ್ರತಿ ಜೋಡಿನಿಂದ ಒಂದೊಂದೇ ಚಪ್ಪಲಿಯನ್ನು ಎತ್ತಿ ಒಯ್ದು, ಹಿತ್ತಲ ಬಣವೆಯ ಹಿಂದೆ ಕಲೆಹಾಕಿ, ಮಾಲೀಕರು ಬರುವವರೆಗೂ ಕಾವಲು ಕುಳಿತಿರುತ್ತದೆ. ಒಮ್ಮೆ, ಲೌಕಿಕ ವಸ್ತುಗಳ ಮೋಹವನ್ನು ಬಿಡುವ ವಿಷಯವಾಗಿ ಎರಡು ತಾಸು ಕೇಳಿ ತಲೆದೂಗಿದ್ದ ಹಿರಿಯರೊಬ್ಬರು ಹೊರಗೆ ಬಂದು, ಹೊಸ ಚಪ್ಪಲಿ ಒಂದೇ ಉಳಿದಿರುವುದನ್ನು ಕಂಡು ಹೌಹಾರಿದರು. ನೆರೆದವರೆಲ್ಲ ನಕ್ಕರು, ಕೊನೆಗೆ ಅವರೂ ನಕ್ಕರು. ಮರಿಗಳಿಗೆ ನಾಲ್ಕರಿಂದ ಆರು ತಿಂಗಳ ಅವಧಿಯಲ್ಲಿ ಹಾಲುಹಲ್ಲು ಉದುರಿ ಹೊಸ ಹಲ್ಲು ಮೂಡುವಾಗ ಒಸಡು ನವೆಯುವುದರಿಂದ ಸಿಕ್ಕದ್ದನ್ನೆಲ್ಲ ಕಡಿಯುತ್ತವೆ. ಅದು ಶಿಕ್ಷೆಗೆ ಅರ್ಹವಾದ ತಪ್ಪಲ್ಲ. ಮೋತಿಗೆ ಹಲ್ಲು ಬಂದು ಎಷ್ಟೋ ವರ್ಷಗಳಾದ ಮೇಲೂ ಈ ಅಭ್ಯಾಸ ಉಳಿದದ್ದು ಮಾತ್ರ ಶುದ್ಧ ತುಂಟತನ. ಯಾರಾದರೂ ಬೆನ್ನಟ್ಟಿ ಬರಲಿ ಎಂಬುದೊಂದೇ ಅದರ ಆಸೆ.

ಆಟಕ್ಕೆ ಕರೆಯುವ ಅದರ ರೀತಿಯಂತೂ ನೋಡುವಂಥದ್ದು. ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಎದೆಯನ್ನು ತಗ್ಗಿಸಿ, ಹಿಂಭಾಗವನ್ನು ಮೇಲೆತ್ತಿ ಬಾಲವಾಡಿಸುತ್ತದೆ. ನಮ್ಮ ಮೊಮ್ಮಗಳು ಇದಕ್ಕೆ 'ಅರ್ಧ ನಮಸ್ಕಾರ' ಎಂದು ಹೆಸರಿಟ್ಟಿದ್ದಾಳೆ. ಮುಂದೆ ನಡೆಯುವ ಓಟ, ಹಿಡಿತ, ಹುಸಿ ಕಡಿತವೆಲ್ಲ ಆಟವೇ ಹೊರತು ಜಗಳವಲ್ಲವೆಂದು ನಾಯಿಗಳು ಪರಸ್ಪರ ತಿಳಿಸುವ ಭಾಷೆ ಇದು ಎಂದು ಪ್ರಾಣಿಶಾಸ್ತ್ರಜ್ಞರು ಹೇಳುತ್ತಾರೆ. ಮೊದಲು ಬಾಗಿ ಆಮೇಲೆ ಆಟವಾಡುವ ಈ ಸೌಜನ್ಯ ಮನುಷ್ಯರ ವಾಗ್ವಾದಗಳಲ್ಲಿಯೂ ಇದ್ದಿದ್ದರೆ ಎಷ್ಟೋ ಮನಸ್ತಾಪಗಳು ತಪ್ಪುತ್ತಿದ್ದವು.

ಬೊಗಳುವುದರಲ್ಲಿ ಮೋತಿಗೆ ಮೇಲು-ಕೀಳೆಂಬುದಿಲ್ಲ. ದೊಡ್ಡವರ ಕಾರಿಗೂ ಗ್ಯಾಸ್ ಸಿಲಿಂಡರಿನ ಗಾಡಿಗೂ ಅದು ತೋರುವ ಮರ್ಯಾದೆ ಒಂದೇ. ಆದರೆ ದೀಪಾವಳಿಯ ಪಟಾಕಿಗೆ ಈ ಶೂರ ಮಂಚದ ಕೆಳಗೆ ಸೇರಿ ನಡುಗುತ್ತದೆ. ನಮ್ಮ ಕಿವಿಗೆ ಕೇಳಿಸದ ಸಣ್ಣ ಸದ್ದನ್ನೂ ತೀಕ್ಷ್ಣ ಸ್ವರವನ್ನೂ ಹಿಡಿಯಬಲ್ಲ ಕಿವಿ ನಾಯಿಯದು. ಹಬ್ಬದ ರಾತ್ರಿ ಅದರ ಬಳಿ ಸ್ವಲ್ಪ ಹೊತ್ತು ಕುಳಿತು ಬೆನ್ನು ಸವರುವುದೂ ಸೇವೆಯೇ.

'ವಚನಗಳಲ್ಲಿ ನಾಯಿಯನ್ನು ಹಳಿದಿದ್ದಾರಲ್ಲ' ಎಂದು ಕೆಲವರು ಕೇಳಬಹುದು. ಪಲ್ಲಕ್ಕಿಯಲ್ಲಿ ಕೂರಿಸಿದರೂ ತನ್ನ ಚಪಲವನ್ನು ಬಿಡದ ನಾಯಿಗೆ ಬಸವಣ್ಣನವರು ಮನಸ್ಸನ್ನು ಹೋಲಿಸಿದ್ದು ನಿಜ. ಓಣಿಯ ಮಕ್ಕಳು ಒಮ್ಮೆ ಮೋತಿಯ ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿ, ಕುರ್ಚಿಯಲ್ಲಿ ಕೂರಿಸಿ ಮೆರವಣಿಗೆ ಹೊರಟಿದ್ದರು. ಬೇವಿನ ಮರದಲ್ಲೊಂದು ಅಳಿಲು ಕಂಡಿತು. ಮೋತಿ ಮಾಲೆಸಹಿತ ಹಾರಿ ಓಡಿತು. ಮೆರವಣಿಗೆ ಅಲ್ಲಿಗೇ ಮುಗಿಯಿತು. ಅಣ್ಣನವರು ನಾಯಿಯನ್ನು ಎಷ್ಟು ಹತ್ತಿರದಿಂದ ನೋಡಿದ್ದರೆಂಬುದು ಅಂದು ನಮಗೆ ಮನದಟ್ಟಾಯಿತು. ಆ ಹೋಲಿಕೆಯಲ್ಲಿ ಛೀಮಾರಿಗೊಳಗಾದದ್ದು ನಮ್ಮ ಮನಸ್ಸು. ನಾಯಿ ತನ್ನ ಸ್ವಭಾವದಂತೆ ನಡೆಯುತ್ತದೆ. ತಿದ್ದಿಕೊಳ್ಳುವ ಶಕ್ತಿಯಿದ್ದೂ ತಿದ್ದಿಕೊಳ್ಳದವರು ನಾವು.

ಹಾವಿನಹಾಳ ಕಲ್ಲಯ್ಯನವರ ಕಥೆಯನ್ನೂ ಇಲ್ಲಿ ನೆನೆಯಬೇಕು. ಅಕ್ಕಸಾಲೆಯ ಕಾಯಕದ ಈ ಶರಣರು ನಾಯಿಯ ಬಾಯಿಂದ ವೇದವನ್ನು ಓದಿಸಿದರೆಂದು ಶರಣಚರಿತೆಗಳು ಹೇಳುತ್ತವೆ. ಲೋಕವು ಅತ್ಯಂತ ಹೀನವೆಂದು ಜರಿದ ಪ್ರಾಣಿಯನ್ನೇ ಕಥೆ ಆರಿಸಿಕೊಂಡಿದೆಯೆಂಬುದು ಅದರ ತಿರುಳು. ಅದಕ್ಕೂ ಹಿಂದಿನದು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಕಾಲ ಕ್ರಿ.ಶ. 950ರ ಸುಮಾರು. ಮಣಲೇರನೆಂಬ ವೀರನು ತನ್ನ ಪರಾಕ್ರಮಕ್ಕೆ ಮೆಚ್ಚಿದ ಒಡೆಯನಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿ ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಮಡಿದವು. ಅದರ ನೆನಪಿಗೆ ಶಿವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿಬಿಟ್ಟು, ಆ ಕಲ್ಲನ್ನು ಪೂಜಿಸದೆ ಅರ್ಚಕನು ಉಣ್ಣಬಾರದೆಂದು ಕಟ್ಟುಮಾಡಿದರು. ನಾಯಿಯೂ ಹಂದಿಯೂ ಕಾದಾಡುವ ಚಿತ್ರವಿರುವ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ.

ಇನ್ನು ಸಾಕುವವರು ತಿಳಿದಿರಬೇಕಾದ ಕೆಲವು ವಿಷಯಗಳು. ಶಾಕಾಹಾರಿಗಳ ಮನೆಯಲ್ಲಿ ನಾಯಿ ಬದುಕೀತೇ ಎಂಬ ಸಂಶಯ ಹಲವರಿಗಿದೆ. ತೋಳಕ್ಕಿಂತ ನಾಯಿಯ ದೇಹ ಪಿಷ್ಟವನ್ನು ಹೆಚ್ಚು ಸಮರ್ಥವಾಗಿ ಜೀರ್ಣಿಸಿಕೊಳ್ಳುತ್ತದೆಂದು 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಮನುಷ್ಯನ ಒಡನಾಟದಲ್ಲಿ ಅವನ ಅನ್ನಕ್ಕೆ ಅದು ಒಗ್ಗಿಕೊಂಡಿದೆ. ಆದರೂ ಬರಿಯ ರೊಟ್ಟಿ ಸಾಲದು. ಮೊಸರು, ಬೇಯಿಸಿದ ಬೇಳೆ ಮುಂತಾದುವನ್ನು ಪಶುವೈದ್ಯರನ್ನು ಕೇಳಿ ಕೊಡಬೇಕು. ಉಳ್ಳಾಗಡ್ಡಿ ನಾಯಿಯ ರಕ್ತವನ್ನು ಕೆಡಿಸುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಅಪಾಯ. ಚಾಕೊಲೇಟೂ ವಿಷವೇ. ಪ್ರೀತಿಯಿಂದಲೇ ಆದರೂ ಒಣದ್ರಾಕ್ಷಿ ಹಾಕಿದ ಹುಗ್ಗಿಯನ್ನಾಗಲಿ, ಉಳ್ಳಾಗಡ್ಡಿಯ ಪಲ್ಯವನ್ನಾಗಲಿ ಹಾಕಬಾರದು.

ಮರಿಗೆ ಮೂರು ತಿಂಗಳಾಗುವ ಹೊತ್ತಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಮುಂದುವರಿಸಬೇಕು. ಯಾವ ನಾಯಿ ಕಚ್ಚಿದರೂ, ಪರಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಖಾರದಪುಡಿ ಹಚ್ಚಬಾರದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಪ್ರಾಣ ಉಳಿಯುವುದು ಅತಿ ವಿರಳ.

ಎಲ್ಲಕ್ಕಿಂತ ಮಿಗಿಲಾದ ಮಾತೊಂದಿದೆ. ಮರಿಯ ಮುದ್ದು ಕೆಲವು ತಿಂಗಳದು. ನಾಯಿಯ ಆಯುಷ್ಯ ಹತ್ತು-ಹದಿಮೂರು ವರ್ಷ. ಬೀದಿನಾಯಿಗಳ ವಿಚಾರ 2025ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ ದೇಶವೆಲ್ಲ ಚರ್ಚಿಸಿತು. ಆ ನಾಯಿಗಳಲ್ಲಿ ಕೆಲವಾದರೂ ಯಾವುದೋ ಮನೆಯ ಮಕ್ಕಳು ಹೆಸರಿಟ್ಟು ಆಡಿಸಿದವು, ಬೇಸರವಾದಾಗ ಹಿರಿಯರು ಊರಾಚೆ ಬಿಟ್ಟುಬಂದವು. ಮೋತಿಯ ಕಣ್ಣಿಗೆ ಈಗ ಪೊರೆ ಬಂದಿದೆ. ಅಳಿಲನ್ನು ಕಂಡರೆ ಎದ್ದು ನಾಲ್ಕು ಹೆಜ್ಜೆ ಓಡಿ, ನೆನಪು ಮಾಡಿಕೊಂಡಂತೆ ನಿಲ್ಲುತ್ತದೆ. ಚಪ್ಪಲಿ ಕದಿಯುವುದು ಈಗಲೂ ಉಂಟು, ಬಣವೆಯವರೆಗೆ ಒಯ್ಯಲು ಆಗದೆ ಮೆಟ್ಟಿಲ ಬಳಿಯೇ ಬಿಡುತ್ತದೆ. ಅದರ ರೊಟ್ಟಿಯನ್ನು ಮೊಮ್ಮಗಳು ಹಾಲಿನಲ್ಲಿ ನೆನೆಸಿ, ಕಿವುಚಿ ಮುಂದಿಡುತ್ತಾಳೆ. ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ದಾಸೋಹವನ್ನು ಮಕ್ಕಳು ಕಲಿಯುವುದು ಹೀಗೆ.

ಪತ್ರ ಬರೆದ ತಾಯಿಗೆ ನಮ್ಮ ಉತ್ತರ ಇಷ್ಟು: ಮರಿ ಇರಲಿ. ಪೂಜಾಕೋಣೆಯ ಹೊಸ್ತಿಲನ್ನು ಅದಕ್ಕೆ ಕಲಿಸಿರಿ, ಲಸಿಕೆ ಹಾಕಿಸಿರಿ, ಅದರ ಕೊನೆಯ ದಿನದವರೆಗೆ ನೋಡಿಕೊಳ್ಳುವೆನೆಂದು ಮಗನಿಂದ ಮಾತು ಪಡೆಯಿರಿ. ಅತ್ತೆಯವರಿಗೆ ಈ ಪುಟವನ್ನು ಓದಿ ಹೇಳಿರಿ. ನಾಳೆಯ ಕೊನೆಯ ರೊಟ್ಟಿಯನ್ನು ಅವರ ಕೈಯಿಂದಲೇ ಹಾಕಿಸಿರಿ. ಉಳಿದುದನ್ನು ಮರಿಯೇ ನೋಡಿಕೊಳ್ಳುತ್ತದೆ.