ಅಡುಗೆಮನೆಯ ಅರಿವು: ವೆನಿಲ್ಲಾದ ಹಲವು ರೂಪಗಳು



ಕಳೆದ ತಿಂಗಳು ನಮ್ಮ ರಾಮಾಪುರದ ಮನೆಯೊಂದಕ್ಕೆ ಮೊಮ್ಮಗನ ಹುಟ್ಟುಹಬ್ಬದ ಕರೆಯ ಮೇರೆಗೆ ಹೋಗಿದ್ದೆವು. ಮೊಟ್ಟೆಯಿಲ್ಲದ ಕೇಕನ್ನು ಮನೆಯಲ್ಲಿಯೇ ಮಾಡಬೇಕೆಂಬುದು ಸೊಸೆಯ ಆಸೆ. ಪರದೇಶದಲ್ಲಿರುವ ಮೈದುನ ತಂದುಕೊಟ್ಟ ವೆನಿಲ್ಲಾದ ಸೀಸೆ ಕಪಾಟಿನಲ್ಲಿತ್ತು. ಅದನ್ನು ತೆರೆಯುವ ವೇಳೆಗೆ ಹಿರಿಯ ಮೊಮ್ಮಗಳು ಚೀಟಿಯನ್ನು ಓದಿ, "ಅಜ್ಜಿ, ಇದರಲ್ಲಿ ಶೇಕಡಾ 35ರಷ್ಟು ಆಲ್ಕೊಹಾಲ್ ಇದೆಯಂತೆ" ಎಂದಳು. ಅಜ್ಜಿಯ ಮುಖ ಗಂಭೀರವಾಯಿತು. "ಹೆಂಡ ಬೆರೆತದ್ದನ್ನು ಕೂಸಿಗೆ ತಿನ್ನಿಸುವುದೇನವ್ವ?" ಎಂದು ಸೊಸೆಯನ್ನು ಕೇಳಿದರು. "ಬೇಯುವಾಗ ಎಲ್ಲವೂ ಆವಿಯಾಗಿ ಹೋಗುತ್ತದೆ ಅತ್ತೆ" ಎಂದು ಸೊಸೆ ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಕೊನೆಗೆ ಅಂಗಡಿಯಿಂದ ಎಸೆನ್ಸಿನ ಪುಟ್ಟ ಸೀಸೆ ಬಂತು. ಗಡಿಬಿಡಿಯಲ್ಲಿ ಎರಡು ಮುಚ್ಚಳ ಎಸೆನ್ಸು ಹಿಟ್ಟಿಗೆ ಬಿತ್ತು. ಕೇಕು ಔಷಧದಂತೆ ನಾರಿತು. ಮಗು ಒಂದು ತುತ್ತು ತಿಂದು ತಟ್ಟೆಯನ್ನು ಸರಿಸಿತು.

ಅತ್ತೆ-ಸೊಸೆ ಇಬ್ಬರೂ ನಮ್ಮನ್ನೇ ನ್ಯಾಯ ಕೇಳಿದರು. ಅಲ್ಲಿ ಹೇಳಿದ್ದನ್ನು ಸ್ವಲ್ಪ ವಿಸ್ತರಿಸಿ ಈ ತಿಂಗಳ ಅಂಕಣದಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ.

ವೆನಿಲ್ಲಾ ಒಂದು ಬಗೆಯ ಆರ್ಕಿಡ್ ಬಳ್ಳಿ. ಅದರ ತವರು ಮೆಕ್ಸಿಕೋ. ಹೂವು ಅರಳಿ ನಿಲ್ಲುವುದು ಒಂದು ಬೆಳಗು ಮಾತ್ರ. ತವರಿನಿಂದ ಹೊರಗೆ ತಾನಾಗಿ ಕಾಯಿ ಕಟ್ಟುವುದು ಅಪರೂಪ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕ, ಸಣ್ಣ ಕಡ್ಡಿಯಿಂದ ಹೂವಿನ ಪರಾಗಸ್ಪರ್ಶ ಮಾಡುವ ಸುಲಭ ವಿಧಾನವನ್ನು ಕಂಡುಹಿಡಿದನು. ಇಂದಿಗೂ ತೋಟಗಳಲ್ಲಿ ಒಂದೊಂದು ಹೂವನ್ನೂ ಹಾಗೆಯೇ ಕೈಯಿಂದ ಮುಟ್ಟಬೇಕು. ಎಂಟೊಂಬತ್ತು ತಿಂಗಳಿಗೆ ಬಲಿಯುವ ಹಸಿ ಕೋಡಿಗೆ ಪರಿಮಳವಿಲ್ಲ. ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ಬಿಸಿಲಿನಲ್ಲಿಯೂ ನೆರಳಿನಲ್ಲಿಯೂ ಒಣಗಿಸಿ, ಪೆಟ್ಟಿಗೆಯಲ್ಲಿ ಹಲವು ವಾರ ಹದಗೊಳಿಸಿದ ಮೇಲೆಯೇ ಅದು ಕಪ್ಪಾಗಿ ಮೃದುವಾಗಿ ಘಮಘಮಿಸುತ್ತದೆ. ಐದಾರು ಕಿಲೋ ಹಸಿ ಕೋಡಿನಿಂದ ದೊರೆಯುವುದು ಒಂದು ಕಿಲೋ ಮಾತ್ರ. ಬೆಲೆ ಏಕೆ ಹೆಚ್ಚೆಂಬುದು ಇದರಿಂದ ತಿಳಿದೀತು.

ನಮ್ಮ ಭಾಗದ ಒಣಹವೆಗೆ ಈ ಬಳ್ಳಿ ಒಗ್ಗದು. ಆದರೆ ಕೊಡಗು, ಮಲೆನಾಡು, ದಕ್ಷಿಣ ಕನ್ನಡ ಮತ್ತು ಉತ್ತರ ಕನ್ನಡದ ತೋಟಗಳಲ್ಲಿ ಇದನ್ನು ಬೆಳೆದ ಕನ್ನಡಿಗರು ಬಹಳ ಮಂದಿ. 2000ದಲ್ಲಿ ಮಡಗಾಸ್ಕರ್ ದ್ವೀಪದ ಬೆಳೆ ಚಂಡಮಾರುತಕ್ಕೆ ಸಿಕ್ಕಿದ ಬಳಿಕ, 2003ರ ಹೊತ್ತಿಗೆ ನಮ್ಮಲ್ಲಿ ಹಸಿ ಕೋಡಿನ ಬೆಲೆಯೇ ಕಿಲೋಗೆ ಸಾವಿರಾರು ರೂಪಾಯಿಗೆ ಏರಿತು. ರೈತರು ರಾತ್ರಿಯೆಲ್ಲ ತೋಟ ಕಾದರು. ಬೆಲೆ ಏರಿದಂತೆ ದೊಡ್ಡ ತಿನಿಸು ತಯಾರಕರು ಕೃತಕ ಪರಿಮಳದತ್ತ ತಿರುಗಿದರು. ಬೇರೆ ದೇಶಗಳ ಬೆಳೆಯೂ ಮಾರುಕಟ್ಟೆಗೆ ಬಂತು. 2004ರ ನಂತರ ಬೆಲೆ ನೆಲಕಚ್ಚಿತು. ಅದರ ಮೇಲೆ ಕೊಳೆರೋಗವೂ ಸೇರಿ ಅನೇಕರು ಬಳ್ಳಿಯನ್ನೇ ಕಿತ್ತೆಸೆದರು. ಸೀಸೆಯೊಳಗೆ ಏನಿದೆ ಎಂಬ ಪ್ರಶ್ನೆ ಅಡುಗೆಮನೆಗಷ್ಟೇ ಅಲ್ಲ, ಒಕ್ಕಲುತನಕ್ಕೂ ಸಂಬಂಧಿಸಿದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ರೂಪಗಳ ವಿಚಾರ.

ಮೊದಲನೆಯದು ಇಡೀ ಕೋಡು. ಇದನ್ನು ಉದ್ದಕ್ಕೆ ಸೀಳಿ, ಒಳಗಿನ ಕಪ್ಪು ಬೀಜವನ್ನು ಚಾಕುವಿನ ಬೆನ್ನಿನಿಂದ ಹೆರೆದು ಬಳಸಬೇಕು. ಕೋಡಿನ ಮೇಲೆ ಸಕ್ಕರೆಯ ಹರಳಿನಂತೆ ಹೊಳೆಯುವ ಬಿಳುಪು ಕಂಡರೆ ಹೆದರಬೇಡಿರಿ. ಅದು ಪರಿಮಳದ ಸತ್ತ್ವವಾದ ವೆನಿಲಿನ್. ಹತ್ತಿಯಂತೆ ಮೆತ್ತಗಿದ್ದು ಮುಗ್ಗಲು ವಾಸನೆ ಬಂದರೆ ಮಾತ್ರ ಅದು ಬೂಷ್ಟು, ಎಸೆಯಿರಿ.

ಎರಡನೆಯದು ‘ಎಕ್ಸ್‌ಟ್ರಾಕ್ಟ್’, ಅಂದರೆ ಕೋಡನ್ನು ಆಲ್ಕೊಹಾಲಿನಲ್ಲಿ ನೆನೆಸಿ ತೆಗೆದ ಸಾರ. ಅಮೆರಿಕದ ಕಾನೂನಿನಂತೆ ಈ ಹೆಸರಿನ ಸೀಸೆಯಲ್ಲಿ ಶೇಕಡಾ 35ಕ್ಕೆ ಕಡಿಮೆಯಿಲ್ಲದಂತೆ ಆಲ್ಕೊಹಾಲ್ ಇರಲೇಬೇಕು.

ಮೂರನೆಯದು ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ಎಸೆನ್ಸು. ಬಹುಪಾಲು ಸೀಸೆಗಳಲ್ಲಿ ಬಳ್ಳಿಯ ಅಂಶವಿರದು. ಕಾರ್ಖಾನೆಯಲ್ಲಿ ತಯಾರಿಸಿದ ವೆನಿಲಿನ್ ಮಾತ್ರವಿರುತ್ತದೆ. 1874ರಲ್ಲಿ ಜರ್ಮನಿಯ ವಿಜ್ಞಾನಿಗಳು ಇದನ್ನು ಪೈನ್ ಮರದಿಂದ ದೊರೆತ ವಸ್ತುವಿನಿಂದ ಮೊದಲು ತಯಾರಿಸಿದರು. ಈಗ ಹೆಚ್ಚಿನದು ಪೆಟ್ರೋಲಿಯಂ ಮೂಲದ್ದು. ಕೆಲವು ಎಸೆನ್ಸುಗಳಲ್ಲಿ ಇನ್ನೂ ತೀಕ್ಷ್ಣವಾದ ಈಥೈಲ್ ವೆನಿಲಿನ್ ಇರುತ್ತದೆ. ಆದುದರಿಂದಲೇ ಇದನ್ನು ಮುಚ್ಚಳದಿಂದ ಸುರಿಯಬಾರದು, ಚಮಚದಿಂದ ಅಳೆಯಬೇಕು.

ನಾಲ್ಕನೆಯದು ಪುಡಿ. ಕೋಡನ್ನೇ ಬೀಸಿದ ಪುಡಿ ಕಂದುಗಪ್ಪು. ಅಗ್ಗದ ಬಿಳಿ ಪುಡಿ ಸಾಮಾನ್ಯವಾಗಿ ಸಕ್ಕರೆ ಅಥವಾ ಪಿಷ್ಟಕ್ಕೆ ವೆನಿಲಿನ್ ಬೆರೆಸಿದ್ದು.

ಯಾವುದನ್ನು ಎಲ್ಲಿ ಬಳಸಬೇಕು? ಇದನ್ನು ಬೆಂಕಿಯೇ ನಿರ್ಣಯಿಸುತ್ತದೆ. ಕೋಡಿನಲ್ಲಿ ವೆನಿಲಿನ್ ಜೊತೆಗೆ ನೂರಾರು ಸೂಕ್ಷ್ಮ ಪರಿಮಳಗಳಿವೆ. ಒಲೆಯ ಕಾವಿಗೆ ಅವುಗಳಲ್ಲಿ ಬಹಳಷ್ಟು ಹಾರಿಹೋಗಿ, ಮುಖ್ಯವಾಗಿ ಉಳಿಯುವುದು ವೆನಿಲಿನ್. ಆದುದರಿಂದ ಮುಕ್ಕಾಲು ಗಂಟೆ ಬೇಯುವ ಕೇಕು, ಬಿಸ್ಕತ್ತುಗಳಿಗೆ ಎಸೆನ್ಸು ಸಾಕು. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ದುಬಾರಿ ಕೋಡನ್ನು ಕೆನೆ, ಐಸ್‌ಕ್ರೀಂ, ಒಲೆಯಿಂದ ಇಳಿಸಿದ ಹಾಲಿಗೆ ಮೀಸಲಿಡಿರಿ. ರಾಗಿಹಿಟ್ಟು, ಬೆಲ್ಲ ಬೆರೆತ ಕೇಕಿಗಂತೂ ವೆನಿಲ್ಲಾ ದಂಡ. ಹುರಿದ ರಾಗಿಯ ಘಮಲಿನ ಮುಂದೆ ಅದು ನಿಲ್ಲದು. ಅಲ್ಲಿ ನಮ್ಮ ಏಲಕ್ಕಿಯೇ ಲೇಸು.

ಇನ್ನೊಂದು ಮಾತು. ಪುಸ್ತಕಗಳಲ್ಲಿ ಕೊಡುವ ಅಳತೆ ಹೆಚ್ಚಾಗಿ ಮೊಟ್ಟೆ ಹಾಕಿದ ಕೇಕಿನದು. ಅಲ್ಲಿ ಮೊಟ್ಟೆಯ ವಾಸನೆಯನ್ನು ಮರೆಸುವುದೂ ವೆನಿಲ್ಲಾದ ಕೆಲಸ. ನಮ್ಮ ಕೇಕಿನಲ್ಲಿ ಮರೆಸಬೇಕಾದ ವಾಸನೆಯೇ ಇಲ್ಲ. ಅರ್ಧ ಅಳತೆ ಸಾಕು.

ಈಗ ಅತ್ತೆ-ಸೊಸೆಯರ ನ್ಯಾಯ. ಬೇಯುವಾಗ ಆಲ್ಕೊಹಾಲ್ ಪೂರ್ತಿ ಹಾರಿಹೋಗುತ್ತದೆಂಬ ಸೊಸೆಯ ಮಾತು ಸರಿಯಲ್ಲ; ಒಂದು ಪಾಲು ಉಳಿದೇ ಉಳಿಯುತ್ತದೆ. ಆದರೆ ಕೇಕಿಗೆ ಹಾಕುವುದೇ ಒಂದು ಚಮಚ. ಅದರಲ್ಲಿ ಆಲ್ಕೊಹಾಲ್ ಎರಡು ಮಿಲಿಲೀಟರಿಗಿಂತ ಕಡಿಮೆ. ಹತ್ತು ತುಂಡಾದರೆ ಒಂದೊಂದರಲ್ಲಿ ಉಳಿಯುವುದು ಒಂದೆರಡು ಹನಿ. ಮತ್ತು ಬರುವ ಭಯವಿಲ್ಲ. ಆದರೂ ಹಿರಿಯರ ಪ್ರಶ್ನೆ ಪ್ರಮಾಣದ್ದಲ್ಲ, ವ್ರತದ್ದು. ಅದನ್ನು ಲೆಕ್ಕ ತೋರಿಸಿ ತಳ್ಳಿಹಾಕುವುದು ಸಲ್ಲದು. ಅಂಗಡಿಯ ಎಸೆನ್ಸುಗಳಲ್ಲಿಯೂ ಕೆಲವಕ್ಕೆ ಆಲ್ಕೊಹಾಲ್ ಸೇರಿರುತ್ತದೆ. ಚೀಟಿಯನ್ನು ಓದಿಯೇ ಕೊಳ್ಳಿರಿ.

ಇಬ್ಬರಿಗೂ ಒಪ್ಪುವ ದಾರಿಯೊಂದಿದೆ: ವೆನಿಲ್ಲಾ ಸಕ್ಕರೆ. ಒಂದು ಕೋಡನ್ನು ಸೀಳಿ, ಕಾಲು ಕಿಲೋ ಸಕ್ಕರೆಯಲ್ಲಿ ಹುಗಿದು, ಗಾಜಿನ ಭರಣಿಯಲ್ಲಿ ಗಾಳಿಯಾಡದಂತೆ ಮುಚ್ಚಿ, ಎರಡು ವಾರ ಬಿಡಿರಿ. ಆಗಾಗ ಕುಲುಕಿರಿ. ಹಾಲಿಗೆ ಹಾಕಿ ತೆಗೆದ ಕೋಡನ್ನೂ ತೊಳೆದು ಚೆನ್ನಾಗಿ ಒಣಗಿಸಿ ಇದಕ್ಕೇ ಸೇರಿಸಬಹುದು. ಭರಣಿಯನ್ನು ಒಲೆಯ ಹತ್ತಿರವೂ ಬಿಸಿಲಿನಲ್ಲಿಯೂ ಇಡಬೇಡಿರಿ.

ಕೇಕಿನ ವಿಧಾನ: ಒಂದು ಬಟ್ಟಲು ಗಟ್ಟಿ ಮೊಸರಿಗೆ ಮುಕ್ಕಾಲು ಬಟ್ಟಲು ವೆನಿಲ್ಲಾ ಸಕ್ಕರೆಯನ್ನು ಪುಡಿಮಾಡಿ ಹಾಕಿ ಕರಗಿಸಿರಿ. ಒಂದೂಕಾಲು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ ಬೆರೆಸಿ ಐದು ನಿಮಿಷ ಬಿಟ್ಟರೆ ನೊರೆ ಏಳುತ್ತದೆ. ಅರ್ಧ ಬಟ್ಟಲು ವಾಸನೆಯಿಲ್ಲದ ಎಣ್ಣೆ ಸೇರಿಸಿರಿ. ಸಾದಾ ಸಕ್ಕರೆ ಬಳಸಿದ್ದರೆ ಅರ್ಧ ಚಮಚ ಎಸೆನ್ಸನ್ನು ಈ ಎಣ್ಣೆಯೊಡನೆಯೇ ಹಾಕಿರಿ. ಒಂದೂವರೆ ಬಟ್ಟಲು ಮೈದಾವನ್ನು ಜರಡಿಯಾಡಿ ಸ್ವಲ್ಪಸ್ವಲ್ಪವಾಗಿ ಬೆರೆಸಿ, ಎಣ್ಣೆ ಸವರಿದ ಪಾತ್ರೆಗೆ ಸುರಿಯಿರಿ. ಕುಕ್ಕರಿನ ತಳದಲ್ಲಿ ಉಪ್ಪು ಹರಡಿ, ಅದರ ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸಿ, ಪಾತ್ರೆಯನ್ನು ಒಳಗಿಡಿರಿ. ನೀರು ಬೇಡ, ಮುಚ್ಚಳದ ರಬ್ಬರು, ವೆಯಿಟು ಎರಡನ್ನೂ ತೆಗೆದಿರಬೇಕು. ಸಣ್ಣ ಉರಿಯಲ್ಲಿ 40ರಿಂದ 45 ನಿಮಿಷಕ್ಕೆ ಬೇಯುತ್ತದೆ. ಕಡ್ಡಿ ಚುಚ್ಚಿ ತೆಗೆದಾಗ ಅಂಟದಿದ್ದರೆ ಇಳಿಸಿರಿ.

ಮನೆಯಲ್ಲಿ ಕೇಕು ಮಾಡಿ ಮಾರುವ ಸೋದರಿಯರಿಗೊಂದು ಕಿವಿಮಾತು. ಎಸೆನ್ಸು ಹಾಕಿದ್ದರೆ ಹಾಗೆಂದೇ ಹೇಳಿರಿ. ‘ಅಸಲಿ ವೆನಿಲ್ಲಾ’ ಎಂದು ಬರೆದು ಹೆಚ್ಚು ದುಡ್ಡು ಪಡೆಯಬೇಡಿರಿ. ಒಂದೊಂದು ಹೂವನ್ನೂ ಕೈಯಿಂದ ಮುಟ್ಟಿದವರ ದುಡಿಮೆಯ ಹೆಸರು ಅದು.

ಮೊನ್ನೆ ಆ ಮನೆಯಿಂದ ನಮಗೆ ಮತ್ತೆ ಕರೆ ಬಂದಿತ್ತು. ಹುಟ್ಟುಹಬ್ಬವೇನೂ ಇರಲಿಲ್ಲ. ಭರಣಿಯ ಸಕ್ಕರೆಯಿಂದ ಕೇಕು ಮಾಡಿದ್ದರು. ಮೊದಲ ತುಂಡನ್ನು ಅಜ್ಜಿಯೇ ಮೊಮ್ಮಗನ ಬಾಯಿಗಿಟ್ಟರು. ಮಗು ಎರಡನೆಯದಕ್ಕೆ ಕೈ ಚಾಚಿತು.