ಜಬಲ್ಪುರದಿಂದ ಪರ್ತಿಗೆ ಬಂದ ಹಾಕಿ

ಹೋದ ತಿಂಗಳು ಟೀ ಬ್ರೇಕಿನಲ್ಲಿ ಹಾಕಿ ಮಾತು ಬಂತು. ನಮ್ಮ ಜೊತೆ ಕೆಲಸ ಮಾಡುವ ಕೆನಡಾದವನಿಗೆ ಹಾಕಿ ಅಂದ್ರೆ ಐಸ್ ಮೇಲೆ ಆಡೋದು, ಆಟಗಾರ ಅಂದ್ರೆ 99ನೇ ನಂಬರಿನ ವೇಯ್ನ್ ಗ್ರೆಟ್ಸ್ಕಿ. ವಿರಾಜಪೇಟೆ ಕಡೆಯ ನಮ್ಮ ಹುಡುಗ ಬಿಡ್ತಾನಾ? ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅಂತ ಶುರು ಮಾಡಿದ. ಪಕ್ಕದಲ್ಲಿದ್ದ ಪರ್ತಿನ ಹಿರಿಯರೊಬ್ಬರು, 'ಎರಿಕ್ ಪಿಯರ್ಸ್ ಗೊತ್ತಾ? ನಿಮ್ಮ ದೇಶದಲ್ಲೇ ಹುಟ್ಟಿದವರು' ಅಂದರು. ನಮಗ್ಯಾರಿಗೂ ಗೊತ್ತಿರಲಿಲ್ಲ. ನಾಚಿಕೆಯೇ ಆಯ್ತು.

ಎರಿಕ್ ಹುಟ್ಟಿದ್ದು 1931ರಲ್ಲಿ, ಜಬಲ್ಪುರದಲ್ಲಿ. ಆಂಗ್ಲೋ-ಇಂಡಿಯನ್ ಮನೆತನ. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಪರ್ತಿಗೆ ಬಂದು ನೆಲೆಸಿದರು. ಆಗ ಇಲ್ಲಿ ಬಿಳಿಯರ ಆಸ್ಟ್ರೇಲಿಯಾ ನೀತಿ ಇದ್ದ ಕಾಲ. ಯುರೋಪಿನ ರಕ್ತ ಇದೆ ಅಂತ ತೋರಿಸಿದ ಆಂಗ್ಲೋ-ಇಂಡಿಯನ್ನರಿಗೆ ಬಾಗಿಲು ತೆರೆಯಿತು, ನಮ್ಮಂಥವರಿಗೆ ತೆರೆಯುತ್ತಿರಲಿಲ್ಲ. ಆ ನೀತಿ ಪೂರ್ತಿ ಹೋಗಿದ್ದು 1973ರಲ್ಲಿ. ಇದನ್ನು ಮರೆತು ಪಿಯರ್ಸ್ ಕಥೆ ಹೇಳೋದು ಸರಿಯಲ್ಲ.

ಸೆಸ್, ಮೆಲ್, ಎರಿಕ್, ಗಾರ್ಡನ್, ಜೂಲಿಯನ್. ಐವರು ಅಣ್ಣತಮ್ಮಂದಿರು, ಐವರೂ ಆಸ್ಟ್ರೇಲಿಯಾ ಪರ ಆಡಿದರು! ಇಂಡಿಯಾದ ಮೈದಾನದಲ್ಲಿ ಕಲಿತ ಆಟವನ್ನೇ ಇಲ್ಲಿ ಆಡಿದರು. ಆಸ್ಟ್ರೇಲಿಯಾ ಒಲಿಂಪಿಕ್ಸ್ ಹಾಕಿಗೆ ಮೊದಲ ಸಲ ಇಳಿದದ್ದು 1956ರ ಮೆಲ್ಬರ್ನ್‌ನಲ್ಲಿ. ಫಾರ್ವರ್ಡ್ ಆಟಗಾರ ಎರಿಕ್ ಅಲ್ಲಿಂದ 1968ರವರೆಗೆ ನಾಲ್ಕು ಒಲಿಂಪಿಕ್ಸ್ ಆಡಿದರು. 1964ರ ಟೋಕಿಯೋದಲ್ಲಿ ಸೆಮಿಫೈನಲ್ ಎದುರಾಳಿ ಯಾರು? ಭಾರತವೇ. ನಾವು 3-1ರಿಂದ ಗೆದ್ದು ಮುಂದೆ ಚಿನ್ನ ತಂದೆವು. ಆಸ್ಟ್ರೇಲಿಯಾಕ್ಕೆ ಕಂಚು ಸಿಕ್ಕಿತು, ಹಾಕಿಯಲ್ಲಿ ಅದು ಅವರ ಮೊದಲ ಪದಕ.

ನಾಲ್ಕು ವರ್ಷದ ನಂತರ ಮೆಕ್ಸಿಕೋದಲ್ಲಿ ಮತ್ತೆ ಅದೇ ಎರಡು ತಂಡ, ಮತ್ತೆ ಸೆಮಿಫೈನಲ್. ಈ ಸಲ ಆಸ್ಟ್ರೇಲಿಯಾ 2-1. 1928ರಿಂದ ಪ್ರತಿ ಸಲ ಫೈನಲ್‌ಗೆ ಅಥವಾ ಚಿನ್ನಕ್ಕೆ ತಲುಪುತ್ತಿದ್ದ ಭಾರತ ಮೊದಲ ಬಾರಿ ಕಂಚಿಗೆ ಇಳಿಯಿತು. ಫೈನಲ್‌ನಲ್ಲಿ ಪಾಕಿಸ್ತಾನಕ್ಕೆ ಸೋತ ಆಸ್ಟ್ರೇಲಿಯಾಕ್ಕೆ ಬೆಳ್ಳಿ. ಹುಟ್ಟೂರಿನ ದೇಶದ ಎದುರು ನಿಂತ ಎರಿಕ್‌ಗೆ ಆಗ ಮೂವತ್ತೇಳರ ಹತ್ತಿರ ವಯಸ್ಸು.

ಟೀ ಬ್ರೇಕಿನಲ್ಲಿ ಇದನ್ನು ಹೇಳಿದಾಗ ವಿರಾಜಪೇಟೆ ಹುಡುಗನಿಗೆ ಸಿಟ್ಟೇ ಬಂತು. 'ನಮ್ಮವರೇ ನಮ್ಮನ್ನ ಸೋಲಿಸಿದ್ರಾ?' ಅಂದ. ನಾವು ಕೇಳಿದೆವು: ನಿನ್ನ ಮಗಳು ಈಗ ಇಲ್ಲಿ ಸ್ಕೂಲ್ ಟೀಮಿನಲ್ಲಿ ಆಡ್ತಾಳಲ್ಲ, ನಾಳೆ ಹಸಿರು-ಹಳದಿ ಜರ್ಸಿ ಹಾಕಿ ಭಾರತದ ಎದುರು ಇಳಿದ್ರೆ ನೀನು ಯಾರ ಕಡೆ? ಟೀ ಮುಗಿಯುವವರೆಗೂ ಉತ್ತರ ಬರಲಿಲ್ಲ. ಎರಿಕ್ ಅವರ ಮಗಳು ಕಾಲೀನ್ ಕೂಡ 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಆಡಿದವರು.

ಜೂಂಡಲಪ್ ಕಡೆಯವರಿಗೆ ವಾರ್ವಿಕ್‌ನ ಹಾಕಿ ಟರ್ಫ್ ದೂರವೇನಲ್ಲ. ಚಳಿಗಾಲದ ಶನಿವಾರ ರಜೆ ಸಿಕ್ಕವರು ಮಕ್ಕಳನ್ನು ಕರ್ಕೊಂಡು ಬನ್ನಿ. ನಾವು ಫ್ಲಾಸ್ಕಿನಲ್ಲಿ ಕಾಫಿ ತರ್ತೀವಿ, ಚಕ್ಕುಲಿ ನಿಮ್ಮ ಕಡೆಯಿಂದ.